ತಮ್ಮ ಕಾದಿರಿಸಿದ್ದ ಮೆಮೊರಿ

ತಮ್ಮ ಡೆಂಗಿ ಜ್ವರದಲ್ಲಿ ತೀರಿಕೊಂಡ. ಉತ್ತರಕ್ರಿಯೆ ಮುಗಿಸಿ ನಾನು ಬೈಕಂಪಾಡಿಗೆ ಕೆಲಸಕ್ಕೆ ಮರಳುವಷ್ಟರಲ್ಲಿ ಅವನು ಮಾಡಿಟ್ಟದ್ದನ್ನು ಅಲ್ಲಿನ ಮಾಲೀಕರು ಬದಲಾಯಿಸಿಬಿಟ್ಟಿದ್ದರು.

ನಾವಿಬ್ಬರೂ ಒಂದೇ ಕಡೆ ದುಡಿಯುತ್ತಿದ್ದೆವು. ಕಾರ್ಖಾನೆಗಳ ದೊಡ್ಡ ಫ್ಯಾನುಗಳ ನಡುಕವನ್ನು ದಾಖಲಿಸುವ ಪೆಟ್ಟಿಗೆ ತಯಾರಿಸುವ ಜಾಗ ಅದು. ಪೆಟ್ಟಿಗೆಯೊಳಗೆ ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ಬೋರ್ಡ್. ಪ್ರೋಗ್ರಾಂ ತಮ್ಮನದು, ಪರೀಕ್ಷೆ ನನ್ನದು. ನಡುಕದ ಅಂಕಿಗಳು ಸುರಿಯುವ ವೇಗಕ್ಕೆ ಬೋರ್ಡ್ ಒಮ್ಮೊಮ್ಮೆ ಹಿಂದೆ ಬೀಳುತ್ತದೆ. ಅಷ್ಟು ಹೊತ್ತು ಅಂಕಿಗಳು ಮೆಮೊರಿಯ ಒಂದು ತಂಗುದಾಣದಲ್ಲಿ, ಅಂದರೆ ಬಫರಿನಲ್ಲಿ, ಕಾಯಬೇಕು. ಬಫರ್ ಚಿಕ್ಕದಾದರೆ ತುಂಬಿಹೋಗಿ, ಆಮೇಲೆ ಬಂದದ್ದು ಕಳೆದೇ ಹೋಗುತ್ತದೆ. ಅದಕ್ಕೇ ತಮ್ಮ, ಬೋರ್ಡ್ ಚಾಲೂ ಆಗುವಾಗಲೇ ಮೆಮೊರಿಯ ದೊಡ್ಡ ಪಾಲನ್ನು ಬಫರಿಗೆಂದು ತೆಗೆದಿಡುತ್ತಿದ್ದ. ಬೇರೆ ಯಾವ ಕೆಲಸವೂ ಅದನ್ನು ಮುಟ್ಟುವಂತಿರಲಿಲ್ಲ. ಅಷ್ಟಾದರೂ ಅಂಕಿ ತಪ್ಪಿಹೋದರೆ ಪೆಟ್ಟಿಗೆಯ ಪರದೆಯಲ್ಲಿ ನಡುಕ ತೋರಿಸುವ ಗೆರೆ ಅಲ್ಲಿ ತುಂಡಾಗಿ ಕಾಣಲೇಬೇಕು ಎಂಬುದು ಅವನ ಹಟ.

ಈಗ ಪರದೆಯಲ್ಲಿ ಬಣ್ಣಬಣ್ಣದ ಚಿತ್ರ ಓಡುತ್ತಿತ್ತು. ಅದಕ್ಕೆ ಬೇಕಾದ ಮೆಮೊರಿಯನ್ನು ಬಫರಿನಿಂದಲೇ ಕಿತ್ತಿದ್ದರು. ಅಂಕಿ ಕಳೆದುಹೋದಲ್ಲೆಲ್ಲ ಎರಡು ತುದಿಗಳನ್ನು ಜೋಡಿಸಿ ನೇರ ಗೆರೆ ಎಳೆದಿದ್ದರು. ಫ್ಯಾನಿನ ಬೇರಿಂಗ್ ಬಿರುಕು ಬಿಡುವ ಸೂಚನೆ ಸರಿಯಾಗಿ ಅಲ್ಲೇ ಬಂದಿದ್ದರೆ? ಆ ಫ್ಯಾನಿನ ಪಕ್ಕ ಮನುಷ್ಯರು ನಿಂತಿರುತ್ತಾರೆ.

ಮಾಲೀಕರ ಮುಂದೆ ಹೋಗಿ ನಿಂತೆ.

“ಇದೆಂತ ಸರ್, ಗೆರೆ ಜೋಡಿಸಿದ್ದು?”

“ತುಂಡು ಗೆರೆ ನೋಡಿದ್ರೆ ಯಾರು ತಗೊಳ್ತಾರೆ ಮಾರಾಯ್ತಿ? ನಿನ್ನ ತಮ್ಮಂದು ಎಲ್ಲದರಲ್ಲೂ ಅತಿ. ಪಾಪ, ಹೋದ. ಇನ್ನಾದ್ರೂ ನಮ್ಗೆ ಎರಡು ಪೆಟ್ಟಿಗೆ ಮಾರ್ಲಿಕ್ಕೆ ಬಿಡು.”

ಹೇಳಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಪೆಟ್ಟಿಗೆ ಚಾಲೂ ಮಾಡಿದರೆ ಪರದೆಯಲ್ಲಿ ಮೊದಲು ಬರುವುದು ಪ್ರೋಗ್ರಾಂ ಬರೆದವನ ಹೆಸರು. ಅಲ್ಲಿ ಇನ್ನೂ ತಮ್ಮನೇ ಇದ್ದ.

“ಬಫರ್ ಮೊದಲಿನ ಹಾಗೆ ಮಾಡಿ ಸರ್. ಆಗುದಿಲ್ಲ ಅಂತಾದ್ರೆ ಅವನ ಹೆಸರು ತೆಗೀರಿ. ಸುಳ್ಳು ಗೆರೆಗೆ ಅವನ ಹೆಸರು ಬೇಡ.”

ಹೆಸರು ತೆಗೆಯಲು ನಾಚಿಕೆಪಟ್ಟಾರು, ಬಫರನ್ನೇ ಸರಿಪಡಿಸಿಯಾರು ಎಂದುಕೊಂಡಿದ್ದೆ. ಅವರು ಕೀಬೋರ್ಡ್ ಎಳೆದುಕೊಂಡು, “ಇಷ್ಟೇ ಅಲ್ವಾ?” ಎನ್ನುತ್ತಾ ಅಳಿಸಿದರು. ಮತ್ತೆ ಪೆಟ್ಟಿಗೆಯನ್ನು ನನ್ನತ್ತ ತಳ್ಳಿ, “ಇನ್ನು ಓಕೆ ಸ್ಟಿಕ್ಕರ್ ಹಾಕು” ಎಂದರು.

ಹಾಕಲಿಲ್ಲ. ಚೀಲ ಎತ್ತಿಕೊಂಡು ಹೊರಟೆ. ಬೋಳಾರದ ಮನೆ ಸೇರುವವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ಮರುದಿನ ಆ ಪೆಟ್ಟಿಗೆ ಕೊಳ್ಳಲಿದ್ದ ಕಾರ್ಖಾನೆಗೆ ಫೋನ್ ಮಾಡಿದೆ.

“ನೀವು ಯಾರು ಮಾತಾಡುದು?”

“ಅದನ್ನು ಮಾಡಿದವನ ಅಕ್ಕ” ಎಂದೆ. ಆಮೇಲೆ ಬಫರಿನ ಸಂಗತಿಯನ್ನು ಮೊದಲಿನಿಂದ, ಅವರಿಗೆ ಅರ್ಥವಾಗುವ ತನಕ ಹೇಳಿದೆ.