ಟಾರ್ಚ್ ಬಲ್ಬಿಗೆ ಬಿದ್ದ ಸಹಿ

2004ರಲ್ಲಿ ನಾನು ಹಾಸನದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ಹೊಳೆನರಸೀಪುರದಿಂದ ದಿನಾ ರೈಲಿನಲ್ಲಿ ಓಡಾಟ. ಅಪ್ಪ ಅರ್ಚಕರು, ಮನೆಯಲ್ಲಿ ಶಾಂತಿಮಂತ್ರಕ್ಕೇನೂ ಬರವಿರಲಿಲ್ಲ. ಆದರೂ ನನಗೆ ಕೋಪ ಮೂಗಿನ ತುದಿಯಲ್ಲೇ. ಈಗ ಹೇಳುವ ಸಂಗತಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ನಾವು ಮಾಡುತ್ತಿದ್ದದ್ದು ಹೆಬ್ಬೆರಳುದ್ದದ ಒಂದು ಸರ್ಕ್ಯೂಟ್ ಬೋರ್ಡ್. ಅದು ಹೋಗುತ್ತಿದ್ದದ್ದು ಎಣ್ಣೆ ಬಾವಿಗೆ. ಎಣ್ಣೆ ಬಾವಿಯೆಂದರೆ ಮೈಲಿಗಟ್ಟಲೆ ಆಳ, ಒಳಗೆ ಉಕ್ಕಿನ ಪೈಪು, ಪೈಪಿನ ಸುತ್ತ ಸಿಮೆಂಟು. ಎಣ್ಣೆ ಇರುವ ಮಟ್ಟದಲ್ಲಿ ಆ ಪೈಪಿಗೆ ತೂತು ಹೊಡೆಯದಿದ್ದರೆ ಒಂದು ಹನಿಯೂ ಒಳಗೆ ಬಾರದು. ಅದಕ್ಕಾಗಿ ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದರ ಕೆಳಗೊಂದು ಜೋಡಿಸಿ ಕೇಬಲ್ಲಿನಲ್ಲಿ ಇಳಿಸುತ್ತಾರೆ. ಅವಕ್ಕೆ ಪರ್ಫೊರೇಟಿಂಗ್ ಗನ್ ಎಂದು ಹೆಸರು. ಒಂದೊಂದು ಗನ್ನೂ ಒಂದೊಂದು ಆಳದಲ್ಲಿ ಸಿಡಿಯಬೇಕು. ಪ್ರತಿ ಗನ್ನಿಗೂ ನಮ್ಮ ಸ್ವಿಚ್ ಬೋರ್ಡ್ ಒಂದು, ಪ್ರತಿ ಸ್ವಿಚ್ಚಿಗೂ ಒಂದು ನಂಬರು. ಮೇಲಿನ ಕಂಪ್ಯೂಟರ್ ಯಾವ ನಂಬರನ್ನು ಕರೆಯುತ್ತದೋ ಆ ಸ್ವಿಚ್ ಮಾತ್ರ ಮದ್ದಿಗೆ ಕಿಡಿ ಕೊಡುವ ಡಿಟೊನೇಟರಿಗೆ ಕರೆಂಟ್ ಬಿಡಬೇಕು, ಮಿಕ್ಕವು ಬಾಯಿ ಮುಚ್ಚಿಕೊಂಡಿರಬೇಕು. ಕರೆಯದ ಸ್ವಿಚ್ ಓಗೊಟ್ಟರೆ ಗನ್ ತಪ್ಪು ಜಾಗದಲ್ಲಿ ಸಿಡಿಯಬಹುದು. ಬಾವಿಯ ಬಾಯಲ್ಲಿ ಅದನ್ನು ಜೋಡಿಸುವವರ ಕೈಯಲ್ಲೇ ಸಿಡಿದರೂ ಸಿಡಿಯಿತು.

ನಮ್ಮಲ್ಲಿ ಮದ್ದು ಇರಲಿಲ್ಲ. ಟೆಸ್ಟ್ ಬೆಂಚಿನಲ್ಲಿ ಡಿಟೊನೇಟರಿನ ಜಾಗಕ್ಕೆ ಒಂದು ಕೆಂಪು ಎಲ್ಇಡಿ ದೀಪ. ಬೋರ್ಡನ್ನು ಓವನ್ನಿನಲ್ಲಿಟ್ಟು ನೂರೈವತ್ತು ಡಿಗ್ರಿಯವರೆಗೆ ಕಾಯಿಸುತ್ತಾ ಬೇರೆ ಬೇರೆ ನಂಬರು ಕರೆಯುತ್ತಿದ್ದೆವು. ಅದರದಲ್ಲದ ನಂಬರಿಗೆ ದೀಪ ಮಿಣುಕಿದರೂ ಸಾಕು, ಬೋರ್ಡ್ ತಿಪ್ಪೆಗೆ. ಆ ಬೆಂಚಿನಲ್ಲಿ ಕೂರುತ್ತಿದ್ದವಳು ಸುಶೀಲ. ಮಲ್ಲಿಪಟ್ಟಣದ ರೈತರ ಮನೆಯ ಹುಡುಗಿ, ಐಟಿಐ ಮಾಡಿದವಳು, ಎರಡು ಬಸ್ಸು ಹತ್ತಿ ಬಂದರೂ ಒಂದು ದಿನ ತಡಮಾಡಿದವಳಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕು ದಿನ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಸೋಮವಾರ ಹಿಂತಿರುಗಿದರೆ ಸುಶೀಲ ಕಾರ್ಖಾನೆಯ ಗೇಟಿನ ಹೊರಗೆ ನಿಂತಿದ್ದಳು. ಕೈಯಲ್ಲಿ ಮೆಮೊ. ಬೋರ್ಡುಗಳಿಗೆ ಪಾಸ್ ಸೀಲು ಹಾಕದೆ ಲೈನ್ ನಿಲ್ಲಿಸಿದ್ದಕ್ಕೆ ಅಮಾನತು. ಮೂರು ದಿನದಲ್ಲಿ ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ಕೆಲಸದಿಂದ ವಜಾ.

"ಯಾಕಮ್ಮ ಸೀಲು ಹಾಕಲಿಲ್ಲ?" ಎಂದೆ.

"ಎಲ್ಇಡಿ ತಗ್ದು ಟಾರ್ಚ್ ಬಲ್ಬ್ ಹಾಕವ್ರೆ ಸಾ. ಹಳೇ ಎಲ್ಇಡಿ ಇಟ್ಕೊಂಡಿದ್ದೆ, ಅದ್ರಲ್ಲಿ ನೋಡ್ದೆ. ಮಿಣುಕ್ತದೆ ಸಾ, ಕಣ್ಣಾರೆ ಕಂಡಿವ್ನಿ. ಬಲ್ಬು ಮಾತ್ರ ಹತ್ತಾಕಿಲ್ಲ." ಮೆಮೊವನ್ನು ನಾಲ್ಕಾಗಿ ಮಡಿಸಿದಳು. "ಕೆಲ್ಸ ಓದ್ರೆ ಮನೇಲಿ ಕುಂತ್ಕೋ ಅಂತಾರೆ ಸಾ. ಆದ್ರೂ ಸುಳ್ಳು ಸೀಲು ನಾನು ಹಾಕಾಕಿಲ್ಲ."

ಥೂ! ನನಗೆ ನೆತ್ತಿಗೇರಿತು. ಎಲ್ಇಡಿ ಒಂದಿಷ್ಟು ಕರೆಂಟ್ ಸೋರಿದರೂ ಹೇಳಿಬಿಡುತ್ತದೆ. ಟಾರ್ಚ್ ಬಲ್ಬು ಹತ್ತಲು ಅದರ ಹತ್ತಾರು ಪಟ್ಟು ಬೇಕು. ಸೋರಿಕೆ ನಿಲ್ಲಿಸುವ ಬದಲು ಸೋರಿಕೆ ಕಾಣದ ದೀಪ ಹಾಕಿದ್ದರು!

ಅವಳನ್ನು ಕರೆದುಕೊಂಡೇ ಒಳಗೆ ಹೋದೆ. ವಾಚ್‌ಮನ್ ತಡೆಯಲು ಬಂದ. "ಅಡ್ಡ ಬಂದರೆ ನೋಡು" ಎಂದೆ, ದಾರಿ ಬಿಟ್ಟ. ಎಲ್ಇಡಿ ಹಾಕಿ ಹತ್ತು ಬೋರ್ಡ್ ಕಾಯಿಸಿದೆ. ನಾಲ್ಕು ಮಿಣುಕಿದವು. ಒಂದನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ತೆಳ್ಳಗೆ ಬಿಳೀ ಪುಡಿ.

"ನಮ್ಮನೆ ನೀರಂಡೆ ತಳಕ್ಕೆ ಕಟ್ಕೊಳುತ್ತಲ್ಲ, ಅಂಗೇ ಕಟ್ಟೈತೆ" ಎಂದಳು ಸುಶೀಲ.

ಅವಳ ಮಾತು ಸುಳ್ಳಾಗಿರಲಿಲ್ಲ. ಬೆಸುಗೆ ಹಾಕಿದ ಬೋರ್ಡನ್ನು ಉಪ್ಪಿನಂಶ ತೆಗೆದ ನೀರಿನಲ್ಲಿ ತೊಳೆಯಬೇಕು. ಆ ಯಂತ್ರ ಕೆಟ್ಟು ತಿಂಗಳಾಗಿತ್ತಂತೆ. ಅಂದಿನಿಂದ ತೊಳೆಯುತ್ತಿದ್ದದ್ದು ಕಾರ್ಖಾನೆಯ ಬೋರ್‌ವೆಲ್ ನೀರಿನಲ್ಲಿ. ಉಪ್ಪು ಬೋರ್ಡಿನ ಮೇಲೇ ಉಳಿದು ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು.

ಅಷ್ಟರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬಂದರು. ಚನ್ನರಾಯಪಟ್ಟಣದ ಕಡೆಯವರು, ದೊಡ್ಡ ಗಂಟಲು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ಇವಳಿಗೆ ಟೆಸ್ಟ್ ಮಾಡೋಕೆ ಬರಲ್ಲ, ನೀರಿನ ಮೇಲೆ ತಪ್ಪು ಹೊರಿಸ್ತಾಳೆ. ನಾವೆಲ್ಲ ಕುಡಿಯೋ ನೀರು ಕಣ್ರೀ ಅದು. ಕುಡಿಯೋಕಾಗೋ ನೀರು ತೊಳೆಯೋಕಾಗಲ್ವಾ?"

"ನಿಮ್ಮ ಹೊಟ್ಟೆಯಲ್ಲಿ ಡಿಟೊನೇಟರ್ ಇಲ್ಲ ಸ್ವಾಮಿ!" ಎಂದು ಕೂಗಿದೆ. ಲೈನಿನಲ್ಲಿದ್ದ ಹೆಣ್ಣುಮಕ್ಕಳೆಲ್ಲ ಕೆಲಸ ಬಿಟ್ಟು ನೋಡಿದರು.

"ಇಷ್ಟು ಸೋರಿಕೆಗೆ ಡಿಟೊನೇಟರ್ ಹಾರಲ್ಲ" ಎಂದರು.

"ಇವತ್ತು ಇಷ್ಟು. ಬಾವಿಯ ಬಿಸಿಯಲ್ಲಿ ನಾಳೆ ಎಷ್ಟು? ನೀವು ಹೋಗಿ ಅಳೀತೀರಾ?" ಎಂದೆ. "ಇರಲಿ. ಈ ಟಾರ್ಚ್ ಬಲ್ಬಿಗೆ ಒಪ್ಪಿಗೆ ಕೊಟ್ಟ ಮುಠ್ಠಾಳ ಯಾರು? ಫೈಲ್ ತರಿಸಿ!"

ಮ್ಯಾನೇಜರ್ ನಗುತ್ತಾ ತರಿಸಿದರು. ಆ ನಗು ಯಾಕೆಂದು ಪುಟ ತೆಗೆದ ಮೇಲೆ ಗೊತ್ತಾಯಿತು. "ಎಲ್ಇಡಿ ಸುಮ್ಮಸುಮ್ಮನೆ ಹತ್ತುತ್ತಿರುವುದರಿಂದ ಬದಲಿ ದೀಪ" ಎಂಬ ಒಕ್ಕಣೆ. ಅದರ ಕೆಳಗೆ ನನ್ನ ಸಹಿ.

ನೆನಪಾಯಿತು. ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ, ಹೊಳೆನರಸೀಪುರದ ಗಾಡಿಗೆ ಹೊತ್ತಾಗಿತ್ತು. ಹೆಗಲಲ್ಲಿ ಬ್ಯಾಗು. ಯಾರೋ ಕಾಗದದ ಕಟ್ಟು ಚಾಚಿದರು. ನಿಂತ ನಿಲುವಿನಲ್ಲೇ, ಒಂದನ್ನೂ ಓದದೆ, ಬರಬರನೆ ಗೀಚಿ ಓಡಿದ್ದೆ. ಕುಂಬಳಕಾಯಿ ಕಳ್ಳನನ್ನು ಹಿಡಿಯಲು ಹೊರಟವನು ನನ್ನ ಹೆಗಲನ್ನೇ ಮುಟ್ಟಿ ನೋಡಿಕೊಳ್ಳಬೇಕಾಯಿತು.

ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ದನಿ ಈಗ ಬೆಣ್ಣೆ. "ಬೋರ್ಡ್‌ಗಳನ್ನ ಮತ್ತೆ ತೊಳೆಸೋಣ. ರಿಪೋರ್ಟಲ್ಲಿ ಆಪರೇಟರ್ ತಪ್ಪು ಅಂತ ಬರೆದ್ಬಿಡಿ. ನೀವೂ ಉಳೀತೀರಿ, ನಾನೂ ಉಳೀತೀನಿ. ಅವಳಿಗೇನ್ರೀ, ಬೇರೆ ಕಡೆ ಕೆಲಸ ಸಿಗುತ್ತೆ."

ಸುಳ್ಳೇಕೆ, ಒಂದು ಗಳಿಗೆ ಆ ಮಾತು ನನಗೆ ರುಚಿಸಿತು. ಮನೆಯಲ್ಲಿ ಇಬ್ಬರು ಮಕ್ಕಳು, ಹದಿನಾಲ್ಕು ವರ್ಷದ ನೌಕರಿ. ಆ ಒಂದು ಗಳಿಗೆಗಾಗಿ ನನ್ನ ಮೇಲೆ ನನಗಿರುವ ಸಿಟ್ಟು ಮ್ಯಾನೇಜರ ಮೇಲೂ ಇಲ್ಲ. ಆಮೇಲೆ ಅಲ್ಲೇ ಕುಳಿತು ರಿಪೋರ್ಟ್ ಬರೆದೆ. ಬೋರ್‌ವೆಲ್ ನೀರು, ಬದಲಾದ ದೀಪ. "ದೀಪ ಬದಲಿಗೆ ಓದದೆ ಸಹಿ ಹಾಕಿದವರು" ಎಂದು ಬರೆದು ಮುಂದೆ ನನ್ನ ಹೆಸರು. ಆಪರೇಟರ್ ತಪ್ಪು ಎಂಬಲ್ಲಿ "ಇಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಒಂದು ಪ್ರತಿ ಮಾಲೀಕರಿಗೆ, ಒಂದು ಬೋರ್ಡ್ ಕೊಳ್ಳುವ ಕಂಪನಿಗೆ.

ಪುಣ್ಯಕ್ಕೆ ಆ ಬೋರ್ಡ್‌ಗಳಲ್ಲಿ ಒಂದೂ ಹೊರಗೆ ಹೋಗಿರಲಿಲ್ಲ. ಎಲ್ಲವನ್ನೂ ಒಡೆದು ಹಾಕಿಸಿದರು. ನೀರಿನ ಯಂತ್ರ ವಾರದಲ್ಲಿ ರಿಪೇರಿಯಾಯಿತು, ತಿಂಗಳಿಂದ ಆಗದ್ದು! ಮ್ಯಾನೇಜರ್ ಅದೇ ಕುರ್ಚಿಯಲ್ಲಿ ಉಳಿದರು. ನನ್ನನ್ನು ಎರಡು ವರ್ಷ ಸ್ಟೋರಿಗೆ ಹಾಕಿದರು. ಅದಕ್ಕೆ ನನ್ನ ತಕರಾರಿಲ್ಲ. ಸುಶೀಲಳ ಮೆಮೊ ವಾಪಸಾಯಿತು.

ಅವಳು ಕೆಲಸಕ್ಕೆ ಮರಳಿದ ದಿನ ಎಲ್ಇಡಿ ಪಡೆಯಲು ಸ್ಟೋರಿಗೆ ಬಂದಳು. ಕೊಡುತ್ತಾ ಹೇಳಿದೆ: "ಆ ಬಲ್ಬಿಗೆ ಸಹಿ ಹಾಕಿದವನು ನಾನೇ ಕಣಮ್ಮ."

"ಗೊತ್ತು ಸಾ. ಬಲ್ಬಿನ ಜೊತೇಲೇ ಆ ಕಾಗ್ದನೂ ಬೆಂಚಿಗೆ ಬಂದಿತ್ತು."

"ಮತ್ತೆ ಗೇಟಿನ ಹತ್ತಿರ ಯಾಕೆ ಹೇಳಲಿಲ್ಲ?"

ಅವಳು ಎಲ್ಇಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡಳು. "ಏಳಿದ್ರೆ ನೀವೂ ಅವ್ರ ಕಡೀಕೇ ಓಗ್ಬುಟ್ರೆ ಅಂತ ಭಯ ಆಯ್ತು ಸಾ."

ಅಂದಿನಿಂದ ನಿವೃತ್ತಿಯವರೆಗೆ ನಾನು ನಿಂತುಕೊಂಡು ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ. ಎಷ್ಟೋ ಸಂಜೆ ಹೊಳೆನರಸೀಪುರದ ಗಾಡಿ ತಪ್ಪಿತು. ತಪ್ಪಲಿ ಎಂದು ಕುಳಿತು ಓದಿದೆ.