ಮಿಣುಕ ತೀರಿಕೊಂಡ ಗುರುವಾರ

ನನಗೆ ಬೇಕಾದವರ ಪಟ್ಟಿ ಮಾಡಿದರೆ ಅದರಲ್ಲಿ ಉಸಿರಾಡುವವರು ಕಡಿಮೆ. ಮೋಡ ಹೆಣೆಯುವ ಮಾಟಗಾತಿಯೊಬ್ಬಳಿದ್ದಾಳೆ, ಮುನ್ನೂರು ವರ್ಷದ ನಾವಿಕನೊಬ್ಬನಿದ್ದಾನೆ, ಎಲ್ಲರಿಗಿಂತ ಮೇಲೆ ಮಿಣುಕ. ತೊಂಬತ್ತರ ದಶಕದಲ್ಲಿ ವಾರಪತ್ರಿಕೆಯೊಂದರ ಧಾರಾವಾಹಿಯಲ್ಲಿ ಬರುತ್ತಿದ್ದ ಯಂತ್ರಮಾನವ ಅವನು. ಗಗನನೌಕೆಯ ಕಸ ಗುಡಿಸುವುದು ಅವನ ಕೆಲಸ. ಶೂರನಲ್ಲ, ಚೆಲುವನಲ್ಲ, ಎಡಗೈ ಸದಾ ಕಿರುಗುಟ್ಟುತ್ತಿತ್ತು. ಮದುವೆಯಾಗಿ ಆಲ್ದೂರಿಗೆ ಬಂದವಳಿಗೆ ಮನೆಯವರಿಗಿಂತ ಮೊದಲು ಸಲಿಗೆ ಬೆಳೆದದ್ದು ಅವನೊಡನೆ.

ಆದರೆ ಅದು ಗುಟ್ಟಿನ ಸ್ನೇಹ. ಗಂಡನ ಮನೆಯವರು ಪುರೋಹಿತರು. ಅತ್ತೆಯಂತೂ ಮಡಿ ಮೈಲಿಗೆಯ ಹೈಕೋರ್ಟು. ಪುರಾಣ ಕೇಳುವಾಗ ಹಕ್ಕಿ ಸತ್ತರೂ ಸೆರಗಿನಲ್ಲಿ ಕಣ್ಣೊರೆಸುವವರು, ಕಬ್ಬಿಣದ ಜಾಡಮಾಲಿಗೆ ಮರುಗಿಯಾರೆಂಬ ನಂಬಿಕೆ ನನಗಿರಲಿಲ್ಲ. ಗುರುವಾರದ ಬಸ್ಸಿನಲ್ಲಿ ಬರುವ ಪತ್ರಿಕೆಯನ್ನು ಓದಿ ಹಾಸಿಗೆಯಡಿ ಸೇರಿಸಿಬಿಡುತ್ತಿದ್ದೆ.

ಆ ಗುರುವಾರ ಲೇಖಕ ಮಹಾಶಯ ಮಿಣುಕನನ್ನು ಕೊಂದುಬಿಟ್ಟ. ನೌಕೆಗೆ ಬೆಂಕಿ ಬಿತ್ತು. ಎಲ್ಲರನ್ನೂ ಸಣ್ಣ ನೌಕೆಗೆ ಹತ್ತಿಸಿ, ಉರಿಯುವ ನೌಕೆಯ ಒಳಗಿನಿಂದಲೇ ಹಾಕಬೇಕಾದ ಬಾಗಿಲು ಹಾಕಿಕೊಂಡು ಅವನೊಬ್ಬ ಉಳಿದ. ನನಗೆ ಸಿಡಿಲು ಬಡಿದಂತಾಯಿತು. ಸಾರಿಗೆ ಒಗ್ಗರಣೆ ಹಾಕಲು ಹೋದವಳು ಸಾಸಿವೆ ಹಿಡಿದು ನಿಂತಲ್ಲೇ ಅತ್ತುಬಿಟ್ಟೆ.

ಅತ್ತೆ ಬಂದು ಯಾರು ಹೋದರೆಂದು ಕೇಳಿದರು. ಬೇಕಾದವರು ಎಂದಷ್ಟೇ ಹೇಳಲಾಯಿತು. ಅವರ ಲೆಕ್ಕಾಚಾರ ಶುರುವಾಯಿತು: ತವರಿನ ಕಡೆಯವರೇ, ಹತ್ತು ದಿನದ ಸೂತಕವೇ, ಮೂರು ದಿನದ್ದೇ? ಮರುದಿನ ಬೆಳಿಗ್ಗೆ ಮನೆಯಲ್ಲಿ ಗಣಹೋಮ. ನಾನು ಬಾಯಿ ಬಿಡದಿದ್ದಾಗ ಅವರು ಹೋಮ ನಿಲ್ಲಿಸುವುದೆಂದು ನಿಶ್ಚಯಿಸಿ, ಬಣಕಲ್ಲಿನ ನೆಂಟರಿಗೆ ಫೋನ್ ಮಾಡಲು ಎದ್ದೇಬಿಟ್ಟರು. ಇನ್ನು ಸುಮ್ಮನಿದ್ದರೆ ದೇವರ ಕಾರ್ಯ ಕೆಡಿಸಿದ ಪಾಪ, ಹೇಳಿದರೆ ಜನ್ಮವಿಡೀ ನಗೆಪಾಟಲು.

"ಅತ್ತೆ, ಹೋದದ್ದು ಮನುಷ್ಯ ಅಲ್ಲ. ಕಥೇಲಿ ಬರ್ತಾನಲ್ಲ, ಮಿಣುಕ" ಎಂದೆ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅತ್ತೆ ಮಣೆಯ ಮೇಲೆ ಕುಸಿದು ಕುಳಿತಿದ್ದರು.

"ಎಂತಕ್ಕೆ ಹೇಳ್ದೆ ಮಾರಾಯ್ತಿ. ನಾನು ಈ ವಾರದ್ದು ಇನ್ನೂ ಓದಿಲ್ಲ."

ಮಿಣುಕನ ಸಾವಿಗಿಂತ ದೊಡ್ಡ ಆಘಾತ ಇದು. ಹಾಸಿಗೆಯಡಿಯ ಪತ್ರಿಕೆಗಳು ಅಡಿಮೇಲಾಗಿರುವುದನ್ನು ಕಂಡಾಗಲೆಲ್ಲ ಇಲಿಯನ್ನು ಶಪಿಸಿದ್ದೆ. ನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕುಳಿತು ಉಪ್ಪು ಹುಳಿ ಬಿಟ್ಟು ಬೇರೆ ಮಾತಾಡದ ನಾವಿಬ್ಬರು ಒಬ್ಬನನ್ನೇ ಕದ್ದು ಪ್ರೀತಿಸುತ್ತಿದ್ದೆವು.

"ಕಡೇಗೆ ಹತ್ರ ಯಾರಾದ್ರೂ ಇದ್ರಾ?" ಎಂದು ಕೇಳಿದರು.

ಯಾರೂ ಇರಲಿಲ್ಲವೆಂದೆ. ಅತ್ತೆ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದರು. ಆಮೇಲೆ ತೀರ್ಪು ಕೊಟ್ಟರು: ರಕ್ತಸಂಬಂಧಿಗಳಿಗೆ ದಿನಗಳ ಲೆಕ್ಕ, ಸ್ನೇಹಿತರಾದರೆ ಸ್ನಾನ ಸಾಕು. ಇಬ್ಬರೂ ಒಬ್ಬರ ಹಿಂದೊಬ್ಬರು ತಲೆಗೆ ನೀರು ಹಾಕಿಕೊಂಡೆವು. ಹೋಮ ಸಾಂಗವಾಗಿ ನಡೆಯಿತು.

ಮೂರು ವಾರ ಕಳೆದಿರಬೇಕು, ಓದುಗರ ಪತ್ರಗಳಿಗೆ ಹೆದರಿಯೋ ಏನೋ, ಲೇಖಕ ಮಿಣುಕನನ್ನು ಬದುಕಿಸಿದ. ಪತ್ರಿಕೆ ಹಿಡಿದು ಅತ್ತೆಯ ಬಳಿಗೆ ಓಡಿದೆ.

"ನಮ್ಮನೇಲಿ ಅವನ ಸ್ನಾನ ಆಗಿದೆ. ಹೋದವ್ರು ಹೀಗೆಲ್ಲ ಬರ್ಬಾರ್ದು" ಎಂದರು ಅತ್ತೆ, ಬಲು ಗಂಭೀರವಾಗಿ. ಹಾಗೆಂದವರೇ ಕನ್ನಡಕ ಏರಿಸಿ ಪತ್ರಿಕೆ ಕಸಿದುಕೊಂಡರು. ಅದು ತಿರುಗಿ ನನ್ನ ಕೈಗೆ ಬರುವಾಗ ಹಾಳೆ ಒದ್ದೆಯಾಗಿತ್ತು.