ಪ್ರಾರ್ಥನೆ ಹಿಂದಕ್ಕೆ ಪಡೆದ ಅಕ್ಕ

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಮೊದಲ ಬಿನ್ನಹ ಯಾವಾಗಲೂ ಇಸ್ತ್ರಿ ಅಕ್ಕನದೇ: ತಮ್ಮನಿಗೊಂದು ಕೆಲಸ ಸಿಗಲಿ. ಸಭೆ ವರ್ಷಗಟ್ಟಲೆ ಅದಕ್ಕೆ ಆಮೆನ್ ಹೇಳಿತ್ತು. ತಮ್ಮನಂತೂ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. "ಕಾಯೋಣ, ದೇವರು ದಾರಿ ತೋರಿಸ್ತಾನೆ" ಎಂಬುದು ಅವನ ಮಾತು. ಜನ ಅವನನ್ನು ಕಾಯೋಣ ಎಂದೇ ಕರೆಯುತ್ತಿದ್ದರು. ಗಟ್ಟಿಮುಟ್ಟಾದ ಆಳು, ಹಾಡಲು ಒಳ್ಳೆಯ ಕಂಠ. ಇಂಥ ಭಕ್ತನನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಆ ಬುಧವಾರ ಅಕ್ಕ ಎದ್ದು ನಿಂತಳು. ಊದಿದ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದಳು.

"ಅಯ್ಯನವರೇ, ನನ್ನ ತಮ್ಮನ ಪ್ರಾರ್ಥನೆ ಇವತ್ತಿಗೆ ಸಾಕು ಮಾಡಿ."

ಪಾದ್ರಿಯ ಮುಖ ಅರಳಿತು. "ಕೆಲಸ ಸಿಕ್ತೇನಮ್ಮ?"

"ಕೆಲಸ ಯಾವತ್ತೋ ಸಿಕ್ಕಿದೆ. ಅಂಗಡೀಲಿ ಗುಡ್ಡೆ ಬಿದ್ದಿದೆ. ಇವನೇ ಅದರ ಕೈಗೆ ಸಿಗ್ತಿಲ್ಲ. ಇನ್ನೂ ದೇವರಿಗೆ ತೊಂದ್ರೆ ಕೊಡೋಕೆ ನಂಗೆ ನಾಚಿಕೆ."

"ಒಳ್ಳೇದಾಯ್ತು ಬಿಡೇ," ಎಂದಳು ಹಿಂದಿನ ಬೆಂಚಿನ ಅಜ್ಜಿ. "ಇನ್ನಾದ್ರೂ ನನ್ನ ಮಂಡಿನೋವಿಗೆ ಸ್ವಲ್ಪ ಜಾಗ ಸಿಗುತ್ತೆ."

ತಮ್ಮ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದ.

ಇಸ್ತ್ರಿ ಅಂಗಡಿ ತಾಯಿಯ ಕಾಲದ್ದು. ಅದನ್ನು ಉಳಿಸಿದ್ದು ಒಂದು ವಸತಿಗೃಹದ ಬೆಡ್‌ಶೀಟುಗಳು. ಈ ಸಲದವು ಶನಿವಾರದೊಳಗೆ ಬಾರದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಅಲ್ಲಿನ ಮ್ಯಾನೇಜರ್ ಹೇಳಿಕಳಿಸಿದ್ದ. ಅಷ್ಟಗಲದ ಬಟ್ಟೆ ಮಡಿಸಲು ಇಬ್ಬರು ಬೇಕು. ಅಕ್ಕ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಒಬ್ಬಳೇ ಎಳೆದೆಳೆದು ಕೈ ಕೆಡಿಸಿಕೊಂಡಿದ್ದಳು.

ಮರುದಿನ ಪಾದ್ರಿ ಅಂಗಡಿಗೆ ಬಂದರು. ಒಳಕೋಣೆಯ ಮಂಚದಲ್ಲಿ ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಎಲ್ಲರ ಮುಂದೆ ಹಾಗನ್ನಬಾರದಿತ್ತಮ್ಮ. ಅವನಿಗೆ ನೋವಾಗಿದೆ."

"ನೋವು ನನಗೂ ಆಗಿದೆ ಅಯ್ಯನವರೇ, ಮಣಿಕಟ್ಟಲ್ಲಿ. ಮಾತಾಡ್ತಾ ಈ ತುದಿ ಹಿಡೀರಿ."

ಬೇಡವೆನ್ನಲಾಗದೆ ಪಾದ್ರಿ ಹಿಡಿದರು. ಮೊದಲ ಬೆಡ್‌ಶೀಟಿನಲ್ಲಿ ಅಂಚಿಗೆ ಅಂಚು ಕೂಡಲಿಲ್ಲ. ಎರಡನೆಯದು ಹೊಟ್ಟೆ ಬಿಟ್ಟುಕೊಂಡು ನಡುವೆ ಜೋತಾಡಿತು.

"ಬಿಗಿಯಾಗಿ ಎಳೀಬೇಕು ಅಯ್ಯನವರೇ," ಒಳಗಿನಿಂದ ದನಿ ಬಂತು. "ಸಡಿಲ ಬಿಟ್ರೆ ಸುಕ್ಕು ನಿಲ್ಲುತ್ತೆ."

"ಮಲಗಿಕೊಂಡು ಹೇಳಿದ್ರೂ ನಿಲ್ಲುತ್ತೆ," ಎಂದಳು ಅಕ್ಕ, ತಿರುಗಿಯೂ ನೋಡದೆ.

ಮೂರನೆಯದು ಪಾದ್ರಿಯ ಕೈಜಾರಿ ನೆಲದ ಮೇಲೆ ಬಿತ್ತು.

"ಅಯ್ಯೋ, ಒಗೆದ ಬಟ್ಟೆ!" ತಮ್ಮ ಮಂಚದಿಂದ ಜಿಗಿದು ಬಂದ. ಎದುರುಬದುರು ನಡೆದು ಮೂಲೆ ಕೂಡಿಸುವುದನ್ನು ತಾಯಿ ಅಕ್ಕ ತಮ್ಮ ಇಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದಳು. ಅವನು ನಾಲ್ಕನೆಯದರ ತುದಿಗಳನ್ನು ಪಾದ್ರಿಯ ಕೈಯಿಂದ ಕಿತ್ತುಕೊಂಡ. ಅಕ್ಕ ಎಡಗೈ ಬಲವೆಲ್ಲ ಹಾಕಿ ಎಷ್ಟು ಜೋರಾಗಿ ಎಳೆದಳೆಂದರೆ ಅವನು ಮುಗ್ಗರಿಸಿದ.

"ಕೊಲ್ತೀಯೇನೇ?"

"ಗಟ್ಟಿಯಾಗಿ ನಿಂತ್ಕೋ. ಕಾಲಿದೆಯಲ್ಲ."

ಕ್ಷಮೆಯನ್ನು ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಶನಿವಾರ ಬೆಡ್‌ಶೀಟುಗಳು ವಸತಿಗೃಹ ಸೇರಿದವು.

ಮುಂದಿನ ಬುಧವಾರ ಪಾದ್ರಿ ಉತ್ಸಾಹದಿಂದ ಕೇಳಿದರು: "ತಮ್ಮನಿಗಾಗಿ ಸ್ತೋತ್ರ ಸಲ್ಲಿಸೋಣವೇನಮ್ಮ? ಎಲ್ಲಿ ಅವನು?"

"ಸದ್ಯಕ್ಕೆ ಬೇಡ ಅಯ್ಯನವರೇ, ಹೊಗಳಿದ್ರೆ ಮತ್ತೆ ಮಲಗ್ತಾನೆ. ಬೆಡ್‌ಶೀಟಿನ ಹೊಸ ಗಂಟು ಬಂದಿದೆ, ಒಂದು ತುದಿ ಹಿಡ್ಕೊಂಡು ನನಗೆ ಬೈತಾ ನಿಂತಿದಾನೆ."

ಆಮೆನ್‌ಗೂ ಕಾಯದೆ ಅಕ್ಕ ಚಪ್ಪಲಿ ಮೆಟ್ಟಿ ನಡೆದಳು.